ಹಳೇ ಎಸ್ಟೀಮ್ ತೂಕ ಇಳಿಸೋ ಕೆಲಸ: ಮನೇಲೇ ಮಾಡಿದ ತಗಡಿನ ಪಾರ್ಟ್‌ಗಳು

ಗಿರಿರಸ್ತೆ, ಚಿಕ್ಕಮಗಳೂರು

ಎಲ್ಲರಿಗೂ ನಮಸ್ಕಾರ. ಹೋದ ಮುಂಗಾರು ಶುರುವಾಗೋ ಹೊತ್ತಿಗೆ ಒಂದು ಹಳೇ ಮಾರುತಿ ಎಸ್ಟೀಮ್ ತಗೊಂಡೆ. 1.3 ಲೀಟರ್, 16 ವಾಲ್ವ್ ಎಂಪಿಎಫ್‌ಐ, ಕಂಪನಿ ಲೆಕ್ಕದಲ್ಲಿ 85 ಎಚ್‌ಪಿ. ಆಟೋಕ್ರಾಸ್‌ಗೆ (ಮಣ್ಣಿನ ಚಿಕ್ಕ ಟ್ರ್ಯಾಕ್‌ನಲ್ಲಿ ಸಮಯದ ಲೆಕ್ಕದಲ್ಲಿ ಓಡಿಸೋ ಸ್ಪರ್ಧೆ) ಅಂತಲೇ ತಗೊಂಡಿದ್ದು. ಕೈ ಪಳಗಿದ ಮೇಲೆ ತೋಟದ ಮಣ್ಣುರಸ್ತೆಯ ರ‍್ಯಾಲಿ ಸ್ಟೇಜ್‌ಗಳಲ್ಲೂ ಓಡಿಸಬೇಕು ಅನ್ನೋದು ಆಸೆ. ಇಂಜಿನ್ ಕೆಲಸಕ್ಕೆ ಹಾಕೋಷ್ಟು ದುಡ್ಡು ಸದ್ಯಕ್ಕೆ ಇಲ್ಲ. ಆದರೆ ಮಳೆಗಾಲದಲ್ಲಿ ತೋಟದ ಕೆಲಸ ಕಮ್ಮಿ, ಕಾಫಿ ಹಣ್ಣಿನ ಸಿಪ್ಪೆ ಸುಲಿಯೋ ಪಲ್ಪರ್ ಶೆಡ್ ಖಾಲಿ, ಕೈಯಲ್ಲಿ ಕಟಿಂಗ್ ಮಷಿನ್ನು, ಡ್ರಿಲ್ಲು, ರಿವಿಟ್ ಗನ್ನು ಇದೆ. ಹಾಗಾಗಿ ತೂಕ ಇಳಿಸೋದರಿಂದ ಶುರು ಮಾಡಿದೆ.

ಮೊದಲು ಮಾಡಿದ ಕೆಲಸ ವೇ ಬ್ರಿಜ್‌ಗೆ ಹೋಗಿದ್ದು. ಅರ್ಧ ಟ್ಯಾಂಕ್ ಪೆಟ್ರೋಲ್, ಒಳಗೆ ಯಾರೂ ಇಲ್ಲ: 880 ಕೆಜಿ. ಆ ಮಷಿನ್ನು 10 ಕೆಜಿ ಲೆಕ್ಕದಲ್ಲೇ ತೋರಿಸೋದು, ಅದಕ್ಕಿಂತ ಸೂಕ್ಷ್ಮ ಇಲ್ಲ. ಬಿಚ್ಚಿದ ಪ್ರತಿ ಸಾಮಾನನ್ನೂ ಕಾಫಿ ಮೂಟೆ ತೂಗೋ ತಕ್ಕಡಿ ಮೇಲಿಟ್ಟು ನೋಟ್‌ಬುಕ್‌ನಲ್ಲಿ ಬರೆದುಕೊಂಡೆ. ಹಿಂದಿನ ಸೀಟು ಎರಡೂ ಭಾಗ ಸೇರಿ 16 ಕೆಜಿ. ಕಾರ್ಪೆಟ್ಟು, ಅದರ ಕೆಳಗಿನ ಫೆಲ್ಟು 9. ಫ್ಲೋರ್‌ಗೆ ಅಂಟಿಸಿರೋ ಡಾಂಬರು ಶೀಟನ್ನು ಹೀಟ್ ಗನ್ ಹಿಡಿದು, ಪಟ್ಟಿ ಉಳಿಯಲ್ಲಿ ಕೆರೆದು ತೆಗೆದೆ; ಮೂರು ದಿನ ಹಿಡೀತು, 12 ಕೆಜಿ ಬಂತು. ಸ್ಪೀಕರ್ ಸಮೇತ ಹಿಂದಿನ ಶೆಲ್ಫು 5, ಡಿಕ್ಕಿ ಲೈನಿಂಗ್ 3.

ತಗಡಿನ ಕೆಲಸ ಅಂದರೆ ಇಲ್ಲಿವರೆಗೆ ಡೋರ್ ಪ್ಯಾಡು, ಡ್ಯಾಶ್‌ಬೋರ್ಡು, ಹಿಂದಿನ ಅಡ್ಡಗೋಡೆ (ಹಿಂದಿನ ಸೀಟಿನ ಜಾಗಕ್ಕೂ ಡಿಕ್ಕಿಗೂ ನಡುವಿನದು). ಮುಂದಿನ ಡೋರ್ ಪ್ಯಾಡು ಬಟ್ಟೆ, ಪ್ಲಾಸ್ಟಿಕ್ ಎಲ್ಲ ಸೇರಿ 3.1 ಕೆಜಿ ಇತ್ತು. 20 ಗೇಜ್, ಅಂದರೆ 0.9 ಎಂಎಂ ದಪ್ಪದ ಅಲ್ಯೂಮಿನಿಯಂ ಶೀಟಲ್ಲಿ ಮಾಡಿದ್ದು 1.2. ನಾಲ್ಕೂ ಬಾಗಿಲಿಂದ ಹತ್ತಿರ ಹತ್ತಿರ 7 ಕೆಜಿ ಉಳೀತು. ಡ್ಯಾಶು 9 ಇದ್ದಿದ್ದು 2.6ಕ್ಕೆ ಬಂತು. ಮೊದಲು ರಟ್ಟಲ್ಲಿ ಅಚ್ಚು ಕತ್ತರಿಸಿ, ಕೂರಿಸಿ ನೋಡಿ, ಎಲ್ಲ ಸರಿ ಅನಿಸಿದ ಮೇಲೇ ಶೀಟಿಗೆ ಕತ್ತರಿ ಹಾಕಿದ್ದು. ಸ್ಟೀರಿಂಗ್ ಕಾಲಮ್ ಹಿಡ್ಕೊಂಡಿರೋ ಕಬ್ಬಿಣದ ಅಡ್ಡಪಟ್ಟಿ ಮಾತ್ರ ಮುಟ್ಟಿಲ್ಲ. ಡ್ಯಾಶ್ ಬಿಚ್ಚೋರು ಅದನ್ನೂ ತೂಕ ಅಂತ ಕಿತ್ತು ಹಾಕಬೇಡಿ, ಸ್ಟೀರಿಂಗ್ ನಿಂತಿರೋದೇ ಅದರ ಮೇಲೆ.

ಇನ್ನು ಬಾನೆಟ್ಟು, ಏಸಿ ಬಾಕಿ. ಒಟ್ಟು 90 ಕೆಜಿ ಇಳಿಸಬೇಕು ಅಂತಿದೀನಿ. ಲೆಕ್ಕ ಹಾಕಿದರೆ ಅದು 10 ಎಚ್‌ಪಿ ಹೆಚ್ಚಾದ ಹಾಗೆ. ಯಾರಾದರೂ ಇಂಥ ಕೆಲಸ ಮಾಡಿದ್ದರೆ ನಾನು ಎಲ್ಲಿ ಎಡವಬಹುದು ಅಂತ ಹೇಳಿ.

ಆರನೇಸೆಮ್, ಹಾಸನ

ಸರ್, ನಾನು ಮೆಕ್ಯಾನಿಕಲ್ ಓದ್ತಿದೀನಿ, ನಮ್ಮ ಕಾಲೇಜ್ ಟೀಮ್ ಒಂದು ಬಗ್ಗಿ (ಸ್ಪರ್ಧೆಗೆ ಅಂತ ಕಟ್ಟೋ ಸಣ್ಣ ಗಾಡಿ) ಕಟ್ತಾ ಇದೆ. ಒಂದು ಡೌಟು. ಅಲ್ಯೂಮಿನಿಯಂ ದುಬಾರಿ. ಅದರ ಬದಲು ಕಬ್ಬಿಣದ ತಗಡನ್ನೇ ತೆಳ್ಳಗೆ ತಗೊಂಡರೆ ಅದೇ ತೂಕಕ್ಕೆ ಬರಲ್ವಾ? 0.8 ಎಂಎಂ ಬದಲು 0.4 ಹಾಕಿದರೆ ಅರ್ಧ ತೂಕ ಆಯ್ತಲ್ಲ.

ತಗಡುಕೆಲಸ, ಹಾಸನ

ತಮ್ಮಾ, ತೂಕ ಅರ್ಧ ಆಗುತ್ತೆ, ಸರಿ. ಆದರೆ ಬಗ್ಗದೇ ನಿಲ್ಲೋ ಶಕ್ತಿ ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತೆ. ತಗಡಿನ ಬಿಗಿ ದಪ್ಪದ ಘನದ ಲೆಕ್ಕದಲ್ಲಿ ಹೋಗೋದು, ನಿನ್ನ ಪುಸ್ತಕದಲ್ಲೂ ಇದ್ದೇ ಇರುತ್ತೆ. ದಪ್ಪ ಎರಡು ಪಟ್ಟಾದರೆ ಬಿಗಿ ಎಂಟು ಪಟ್ಟು. ದಪ್ಪ ಅರ್ಧ ಮಾಡಿದರೆ ಆ ಶೀಟು ಹಪ್ಪಳದ ಹಾಗೆ ಆಡುತ್ತೆ.

ಅಲ್ಯೂಮಿನಿಯಂ ಗೆಲ್ಲೋದು ಇಲ್ಲೇ. ಅದೇ ದಪ್ಪದಲ್ಲಿ ಕಬ್ಬಿಣದ ಮೂರನೇ ಒಂದು ಭಾಗದಷ್ಟೇ ಬಿಗಿ ಇರೋದು, ತೂಕವೂ ಹೆಚ್ಚುಕಮ್ಮಿ ಮೂರನೇ ಒಂದು ಭಾಗ. ಒಂದು ಚದರ ಮೀಟರ್, 1 ಎಂಎಂ ಕಬ್ಬಿಣದ ಶೀಟು 7.85 ಕೆಜಿ ತೂಗಿದರೆ ಅಲ್ಯೂಮಿನಿಯಂ 2.7. ಹಾಗಾಗಿ ದಪ್ಪ ಒಂದೂವರೆ ಪಟ್ಟಿಗಿಂತ ಸ್ವಲ್ಪ ಕಮ್ಮಿ, ಅಂದರೆ 1.44 ಪಟ್ಟು ತಗೊಂಡರೆ ಬಿಗಿ ಸಮ ಆಗುತ್ತೆ. ಅಷ್ಟಾದ ಮೇಲೂ ತೂಕ ಅರ್ಧವೇ. 0.8 ಕಬ್ಬಿಣ ಇರೋ ಕಡೆ 1.2 ಅಲ್ಯೂಮಿನಿಯಂ, ಅಂದರೆ ನಾವು 18 ಗೇಜ್ ಅನ್ನೋದು. ಅಂಗಡಿಯಲ್ಲಿ ಗೇಜ್ ಕೇಳಿ ತಗೊಳ್ಳಿ, ಆದರೆ ವರ್ನಿಯರ್ ಹಿಡಿದು ನೋಡಿ.

ಇಪ್ಪತ್ತೆರಡು ವರ್ಷದಿಂದ ನಾನು ತಗಡು ಬಗ್ಗಿಸ್ತಿದೀನಿ. ನನಗೆ ಗೊತ್ತಿರೋದು ಇಷ್ಟು: ಬಿಗಿ ಬೇಕು ಅಂದಾಗ ದಪ್ಪ ಶೀಟು ಹುಡುಕೋದು ಕಡೇ ದಾರಿ, ಮೊದಲ ದಾರಿ ಮಡಿಕೆ. ನಿಮ್ಮ ಶೆಡ್ಡಿನ ಮೇಲಿರೋ ಜಿಂಕ್ ಶೀಟ್ ನೋಡಿ. ಅದೇ ತಗಡು ಚಪ್ಪಟೆ ಇದ್ದರೆ ಎತ್ತಿ ಹಿಡಿದಾಗ ಜೋತು ಬೀಳುತ್ತೆ. ಅಲೆ ಅಲೆ ಮಡಿಕೆ ಕೊಟ್ಟ ಮೇಲೆ ರೀಪರ್ ಮೇಲೆ ಕಾಲಿಟ್ಟು ಆಳು ಓಡಾಡ್ತಾನೆ. ಗಿರಿರಸ್ತೆಯವರೇ, ನಿಮ್ಮ ಡೋರ್ ಪ್ಯಾಡಲ್ಲಿ ನಡುವೆ ಎರಡು ಉಬ್ಬು ಗೀರು ಎಬ್ಬಿಸಿದೀರಾ, ಸುತ್ತ ಅಂಚು ಮಡಚಿದೀರಾ? ಇಲ್ಲದಿದ್ದರೆ ಕಲ್ಲು ರಸ್ತೆಯಲ್ಲಿ ಡೋಲಿನ ಹಾಗೆ ಬಡ್ಕೊಳ್ಳುತ್ತೆ.

ತೂತು ಹೊಡೆದು ತೂಕ ಇಳಿಸೋರಿಗೂ ಒಂದು ಮಾತು. ಬರೀ ತೂತು ಹೊಡೆದರೆ ತಗಡು ಸೊರಗುತ್ತೆ. ತೂತಿನ ಬಾಯಿಯನ್ನು ಒಂದು ಕಡೆಗೆ ಚಿಮ್ಮಿಸಿ ತುಟಿ ಎಬ್ಬಿಸಿದರೆ ತೂಕವೂ ಇಳಿಯುತ್ತೆ, ಬಿಗಿಯೂ ಬರುತ್ತೆ. ಅದಕ್ಕೆ ಗಂಡು ಹೆಣ್ಣು ಡೈ ಜೋಡಿ ಬೇಕು. ಲೇತ್‌ನಲ್ಲಿ ಎಂಎಸ್ ರಾಡಿನಿಂದ ಮಾಡಿಸಬಹುದು, ನಡುವೆ ಬೋಲ್ಟ್ ಹಾಕಿ ಬಿಗಿದರೆ ಸಾಕು, ಪ್ರೆಸ್ ಬೇಕಿಲ್ಲ.

ಕೊಟ್ಟಿಗೆಹಾರ, ಮೂಡಿಗೆರೆ

ನಾನು ಝೆನ್ ಓಡಿಸ್ತೀನಿ, ಆಟೋಕ್ರಾಸ್ ಲೇಡೀಸ್ ಕ್ಲಾಸ್‌ನಲ್ಲಿ. ಎರಡು ವರ್ಷದ ಹಿಂದೆ ಇದೇ ಕೆಲಸ ಮಾಡಿಸಿದ್ದೆ, ಅದಕ್ಕೇ ಬರೀತಿದೀನಿ. ನಮ್ಮ ಕಡೆ ಮಳೆ ಹೇಗೆ ಅಂತ ನಿಮಗೆಲ್ಲ ಗೊತ್ತು. ಜೂನಿಂದ ಸೆಪ್ಟೆಂಬರ್‌ವರೆಗೆ ಗಾಡಿ ಮೈ ಒಣಗೋದೇ ಇಲ್ಲ. ಅಲ್ಯೂಮಿನಿಯಂ ಶೀಟನ್ನು ಬಾಡಿ ಮೇಲೆ ಹಾಗೇ ಇಟ್ಟು ಕಬ್ಬಿಣದ ಸ್ಕ್ರೂ ಹಾಕಿ ಕೂರಿಸಿದ್ದರು. ಒಂದೇ ಮಳೆಗಾಲ ಕಳೆದ ಮೇಲೆ ಬಿಚ್ಚಿದರೆ ಸ್ಕ್ರೂ ಸುತ್ತ ಬಿಳೀ ಪುಡಿ, ಬೆರಳಲ್ಲಿ ಒತ್ತಿದರೆ ಶೀಟು ಉದುರ್ತಿತ್ತು.

ಎರಡು ಬೇರೆ ಬೇರೆ ಲೋಹ, ನಡುವೆ ನೀರು ಇದ್ದರೆ ಬ್ಯಾಟರಿ ಇದ್ದ ಹಾಗೆ. ಅಲ್ಯೂಮಿನಿಯಂ ತಾನು ಕರಗಿ ಕಬ್ಬಿಣವನ್ನ ಉಳಿಸುತ್ತೆ. ಈಗ ನಾನು ಮಾಡಿಸೋದು ಹೀಗೆ: ಎರಡೂ ಮೈಗೆ ಪ್ರೈಮರ್, ಅದು ಪೂರ್ತಿ ಒಣಗಿದ ಮೇಲೆ ನಡುವೆ ಪಿಯು (ಪಾಲಿಯುರೆಥೇನ್) ಸೀಲಂಟ್ ತೆಳ್ಳಗೆ ಎಳೆದು, ಆಮೇಲೆ ಅಲ್ಯೂಮಿನಿಯಂ ರಿವಿಟ್. ರಿವಿಟ್ ತೂತಿನ ಒಳಗೂ ಪ್ರೈಮರ್ ಮುಟ್ಟಿಸ್ತೀನಿ. ಸೀಲಂಟ್ ಇದ್ದರೆ ಶಬ್ದವೂ ಕಮ್ಮಿ. ಡಾಂಬರು ಶೀಟು ಕೆರೆದು ತೆಗೆದ ಫ್ಲೋರ್‌ಗೂ ಬಣ್ಣ ಹೊಡೀರಿ, ಬರೀ ಮೈ ಬಿಟ್ಟರೆ ದೀಪಾವಳಿ ಹೊತ್ತಿಗೆ ತುಕ್ಕು.

ಸಕಲೇಶಪುರ46

ನಾನು ರ‍್ಯಾಲಿಯಲ್ಲಿ ಡ್ರೈವರ್ ಪಕ್ಕ ಕೂತು ತಿರುವುಗಳ ನೋಟ್ಸ್ ಓದೋನು, ಹಾಗಾಗಿ ನನ್ನ ತೂಕವೂ ಲೆಕ್ಕಕ್ಕೆ ಬರಬೇಕು. ಗಿರಿರಸ್ತೆ, ಆ 10 ಎಚ್‌ಪಿ ಲೆಕ್ಕ ಖಾಲಿ ಗಾಡಿಗೆ. ಒಳಗೆ ಇಬ್ಬರು, ಹೆಲ್ಮೆಟ್ಟು ಎಲ್ಲ ಸೇರಿ 150 ಕೆಜಿ ಅಂತ ಇಟ್ಕೊಳ್ಳಿ. 1030 ಇದ್ದದ್ದು 940 ಆಯ್ತು. ಆಗ ಸಿಗೋದು 8 ಎಚ್‌ಪಿ ಸಮ. ಇನ್ನೂ ರೋಲ್ ಕೇಜ್ (ಗಾಡಿ ಪಲ್ಟಿ ಆದರೆ ಒಳಗಿರೋರನ್ನ ಕಾಯೋ ಪೈಪಿನ ಚೌಕಟ್ಟು) ಹಾಕಿಲ್ಲ ನೀವು. ಕೇಜ್ 40 ಕೆಜಿ ತಿಂದರೆ ಉಳಿಯೋದು 4.

ಹಾಗಂತ ಕೇಜ್‌ನಲ್ಲಿ ತೂಕ ಉಳಿಸೋಕೆ ಹೋಗಬೇಡಿ. ಎಫ್‌ಐಎ (ಅಂತರರಾಷ್ಟ್ರೀಯ ಮೋಟಾರ್ ಸ್ಪೋರ್ಟ್ ಸಂಸ್ಥೆ) ನಿಯಮದ ಅಪೆಂಡಿಕ್ಸ್ ಜೆ ಪ್ರಕಾರ ಮುಖ್ಯ ಹೂಪ್‌ಗೆ (ಸೀಟಿನ ಹಿಂದಿನ ದೊಡ್ಡ ಕಮಾನು) 45 ಎಂಎಂ ಪೈಪು 2.5 ದಪ್ಪ, ಇಲ್ಲಾ 50ರ ಪೈಪು 2.0 ದಪ್ಪ, ಉಳಿದ ಕಡೆ 38ಕ್ಕೆ 2.5, ಇಲ್ಲಾ 40ಕ್ಕೆ 2.0. ಜೋಡಣೆ ಇಲ್ಲದ, ಕೋಲ್ಡ್ ಡ್ರಾನ್ ಸೀಮ್‌ಲೆಸ್ ಪೈಪೇ ಆಗಬೇಕು. ನೀರಿನ ಪೈಪು, ಗೇಟ್ ಮಾಡೋ ಪೈಪು ಬೇಡವೇ ಬೇಡ. ತಗಡಲ್ಲಿ 50 ಕೆಜಿ ಇಳಿಸೋದೇ ಈ 40 ಕೆಜಿಗೆ ಜಾಗ ಮಾಡೋಕೆ ಅಂದುಕೊಂಡರೆ ಮನಸ್ಸಿಗೂ ಸಮಾಧಾನ.

ಇನ್ನೆರಡು ವಿಷಯ. ಒಂದು, ನೀವು ಯಾವ ಗ್ರೂಪ್‌ಗೆ ಎಂಟ್ರಿ ಕೊಡ್ತೀರ ಅನ್ನೋದನ್ನ ಮೊದಲು ತೀರ್ಮಾನ ಮಾಡಿ, ಆ ವರ್ಷದ ಎಫ್‌ಎಂಎಸ್‌ಸಿಐ (ಭಾರತದ ಮೋಟಾರ್ ಸ್ಪೋರ್ಟ್ ಒಕ್ಕೂಟ) ನಿಯಮ ಓದಿ. ಕಂಪನಿ ಗಾಡಿ ಹಾಗೇ ಇರಬೇಕು ಅನ್ನೋ ಗ್ರೂಪ್‌ನಲ್ಲಿ ಅಲ್ಯೂಮಿನಿಯಂ ಬಾನೆಟ್ ಹಾಕ್ಕೊಂಡು ಹೋದರೆ ಸ್ಪರ್ಧೆಗೆ ಮುಂಚಿನ ತಪಾಸಣೆಯಲ್ಲೇ (ಸ್ಕ್ರುಟಿನಿ) ವಾಪಸ್. ಡೋರ್ ಪ್ಯಾಡು ಬದಲಾಯಿಸೋಕೆ ಬಿಡೋ ಕಡೆ ಲೋಹದ ಶೀಟಾದರೆ ಕನಿಷ್ಠ 0.5 ಎಂಎಂ ಅಂತ ಎಫ್‌ಐಎ ನಿಯಮ ಇದೆ, ನಿಮ್ಮದು 0.9, ತೊಂದರೆ ಇಲ್ಲ. ಎರಡು, ಈ ಗಾಡಿ ಇನ್ನು ಮೇಲೆ ರೋಡಿಗೆ ಅಲ್ಲ. ಮೋಟಾರು ವಾಹನ ಕಾಯ್ದೆ ಸೆಕ್ಷನ್ 52 ಇದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸೋ ಹಾಗಿಲ್ಲ ಅಂತ ಹೇಳಿದೆ. ಪಿಕಪ್ ಮೇಲೆ ಹೇರ್ಕೊಂಡು ಹೋಗಿ, ಹೇರ್ಕೊಂಡು ಬನ್ನಿ.

ಕಡೆಯದಾಗಿ, ಮುಂದಿನ ಎರಡು ಚಕ್ರ ಮಾತ್ರ ವೇ ಬ್ರಿಜ್ ಮೇಲಿಟ್ಟು ತೂಗಿದೀರಾ?

ಗಿರಿರಸ್ತೆ

ಎಲ್ಲರಿಗೂ ಧನ್ಯವಾದ. ಸಕಲೇಶಪುರದವರ ಆ ಕಡೇ ಪ್ರಶ್ನೆ ನನ್ನ ಒಂದು ತಿಂಗಳ ತಲೆನೋವಿಗೆ ಉತ್ತರ ಕೊಡ್ತು. ನೋಟ್‌ಬುಕ್‌ನಲ್ಲಿ ಎಲ್ಲ ತೂಕವೂ ಇತ್ತು, ಎಲ್ಲಿಂದ ಹೋಯ್ತು ಅನ್ನೋದು ಮಾತ್ರ ಇರಲಿಲ್ಲ.

ಬಿಚ್ಚೋ ಮೊದಲು ಹೇಗೂ ತೂಗಿದ್ದ ಚೀಟಿ ಇತ್ತು, ಮುಂದೆ 540, ಹಿಂದೆ 340. ನಿನ್ನೆ ಮತ್ತೆ ಹೋಗಿ ತೂಗಿಸಿದೆ. ಒಟ್ಟು 820. ಮುಂದೆ 530, ಹಿಂದೆ 290. ಇಳಿದ 60 ಕೆಜಿಯಲ್ಲಿ 50 ಹಿಂದಿನಿಂದಲೇ ಹೋಗಿದೆ! ಸೀಟು, ಶೆಲ್ಫು, ಡಿಕ್ಕಿ, ಸುಲಭವಾಗಿ ಬಿಚ್ಚೋಕೆ ಆಗೋದೆಲ್ಲ ಹಿಂದೇನೇ ಇರೋದಲ್ಲ. ಮೊದಲು ನೂರಕ್ಕೆ 61 ಭಾಗ ಮುಂದೆ ಇತ್ತು, ಈಗ 65ರ ಹತ್ತಿರ.

ಇಳಿಜಾರಲ್ಲಿ ಬ್ರೇಕ್ ಒತ್ತಿದರೆ ಹಿಂದಿನ ಚಕ್ರ ಮೊದಲೇ ಲಾಕ್ ಆಗಿ ಬಾಲ ಅಲ್ಲಾಡಿಸ್ತಿತ್ತು. ಡ್ರಮ್ ಅಡ್ಜಸ್ಟ್‌ಮೆಂಟ್ ಇರಬೇಕು ಅಂತ ನಾಲ್ಕು ಸಲ ಬಿಚ್ಚಿ ಹಾಕಿದೀನಿ. ಅದಲ್ಲ, ಹಿಂದಿನ ಚಕ್ರದ ಮೇಲೆ ಭಾರವೇ ಇಲ್ಲ. ಕಂಪನಿಯವರು ಹಿಂದಿನ ಬ್ರೇಕಿಗೆ ಲೆಕ್ಕ ಹಾಕಿದ ಭಾರ ಬೇರೆ, ಈಗ ಇರೋದು ಬೇರೆ. ಹಿಂದಿನ ಸ್ಪ್ರಿಂಗ್ ಕೂಡ ಎದ್ದು ನಿಂತಿದೆ, ಟೈರಿಗೂ ಆರ್ಚಿಗೂ ನಡುವಿನ ಜಾಗ ಒಂದು ಬೆರಳಗಲ ಹೆಚ್ಚಾಗಿದೆ.

ಹಾಗಾಗಿ ಇನ್ನು ಹಿಂದೆ ಒಂದು ಗ್ರಾಮೂ ತೆಗೆಯಲ್ಲ. ಮುಂದಿನ ಕೆಲಸವೆಲ್ಲ ಮುಂದಿನ ಚಕ್ರದ ಆಚೆ: ಬಾನೆಟ್ಟು, ಏಸಿ. ಬ್ಯಾಟರಿ ಡಿಕ್ಕಿಗೆ.

ಬಾನೆಟ್ ಬಗ್ಗೆ ಒಂದು ತಪ್ಪು ಒಪ್ಪಿಕೋಬೇಕು, ಬೇರೆಯವರು ಮಾಡದಿರಲಿ ಅಂತ. ಕಂಪನಿ ಬಾನೆಟ್ 11.5 ಕೆಜಿ. ಒಳಗಿನ ಫ್ರೇಮ್ ಸುಮಾರು 4 ಕೆಜಿ ಇರಬಹುದು ಅಂತ ಅದನ್ನ ಗ್ರೈಂಡರ್‌ನಲ್ಲಿ ಕತ್ತರಿಸಿ ತೆಗೆದೆ. ಮೇಲಿನ ತಗಡು ಮಾತ್ರ ಉಳೀತು. ಹಿಂಜ್ ತೆಗೆದು ಮುಂದೆ ಎರಡು ಪಿನ್ನು, ಹಿಂದೆ ಎರಡು ಸಣ್ಣ ಕ್ಲಿಪ್ಪು. ನಮ್ಮ ತೋಟದ ನೇರ ರಸ್ತೆಯಲ್ಲಿ 80 ದಾಟ್ತಾ ಇದ್ದ ಹಾಗೆ ನಡುಭಾಗ ಉಬ್ಬೋಕೆ ಶುರುವಾಯ್ತು. ಕಾಲು ತೆಗೆಯೋದರೊಳಗೆ ಕ್ಲಿಪ್ ಕಿತ್ತು ಬಾನೆಟ್ ಮಡಚಿ ಗಾಜಿಗೆ ಬಡೀತು. ಮುಂದೆ ಏನೂ ಕಾಣಿಸ್ತಾ ಇಲ್ಲ. ಅಭ್ಯಾಸದ ಮೇಲೆ ನೇರ ಹಿಡಿದು ನಿಲ್ಲಿಸಿದೆ. ಗಾಜು ಲ್ಯಾಮಿನೇಟೆಡ್ ಆಗಿದ್ದರಿಂದ ಒಡೆದರೂ ಒಳಗೆ ಬರಲಿಲ್ಲ. ಆ ಹೊತ್ತಿಗೆ ಕೆಲಸದವರು ಯಾರೂ ರಸ್ತೆಯಲ್ಲಿ ಇರಲಿಲ್ಲ ಅನ್ನೋದನ್ನ ನೆನೆಸಿಕೊಂಡರೆ ಈಗಲೂ ಎದೆ ಹಿಡ್ಕೊಳ್ಳುತ್ತೆ.

ತಗಡುಕೆಲಸ, ಹಾಸನ

ದೇವರು ದೊಡ್ಡವನು. ನಿಮಗೆ ಏನೂ ಆಗಲಿಲ್ಲವಲ್ಲ, ಅಷ್ಟು ಸಾಕು.

ಆ ಒಳಗಿನ ಫ್ರೇಮ್ ಇರೋದೇ ಮಡಿಕೆಯ ಕೆಲಸ ಮಾಡೋಕೆ. ಮೇಲಿನ ತಗಡಿಗೆ ಸ್ವಂತ ಬಿಗಿ ಬಹಳ ಕಮ್ಮಿ. ಗಾಳಿ ಬಾನೆಟ್ ಮೇಲೆ ಹಾಯುವಾಗ ಅದನ್ನ ಮೇಲಕ್ಕೆ ಎಳೆಯುತ್ತೆ, ಗ್ರಿಲ್ಲಿಂದ ಒಳಗೆ ನುಗ್ಗಿದ ಗಾಳಿ ಕೆಳಗಿಂದ ದಬ್ಬುತ್ತೆ. ವೇಗ ಎರಡು ಪಟ್ಟಾದರೆ ಈ ಬಲ ನಾಲ್ಕು ಪಟ್ಟು. ಹೊಸದು ಮಾಡ್ತೀರಾದರೆ ಅಲ್ಯೂಮಿನಿಯಂ 18 ಗೇಜ್ ತಗೊಳ್ಳಿ, ಒಳಗೆ ಟೋಪಿ ಆಕಾರದ ಪಟ್ಟಿ ನಾಲ್ಕು ಮಡಚಿ ರಿವಿಟ್ ಮಾಡಿ. ಪಿನ್ ನಾಲ್ಕೂ ಮೂಲೆಗೆ ಒಂದೇ ಅಳತೆಯವು, ಪಿನ್ ಕೂರೋ ಜಾಗದಲ್ಲಿ ಎರಡು ಪದರ ತಗಡು.

ಶೀಟು ಕೊಳ್ಳುವಾಗ 5052 ಅಂತ ಕೇಳಿ, ಅದು ಅಲ್ಯೂಮಿನಿಯಂ ಮಿಶ್ರಲೋಹದ ನಂಬರು, ಜೊತೆಗೆ ಟೆಸ್ಟ್ ಸರ್ಟಿಫಿಕೇಟ್ ಕೇಳಿ. ನನಗೇ ಒಂದು ಅಂಗಡಿಯಲ್ಲಿ 5052 ಅಂತ ಹೇಳಿ ಪಾತ್ರೆ ಮಾಡೋ ಮೆತ್ತನೆ ಶೀಟು ಕೊಟ್ಟಿದ್ದರು. 6061 ಟಿ6 ಬಲ ಜಾಸ್ತಿ, ಆದರೆ ಚೂಪಾಗಿ ಮಡಚಿದರೆ ಬಿರುಕು ಬಿಡುತ್ತೆ. ಮನೆ ಕೆಲಸಕ್ಕೆ ಅದು ಬೇಡ.

ಗಿರಿರಸ್ತೆ

ಅಣ್ಣಾ, ನೀವು ಹೇಳಿದ ಹಾಗೇ ಮಾಡಿದೆ. ಹತ್ತು ದಿನ ಹಿಡೀತು. ಹೇಗೆ ಮಾಡಿದೆ ಅಂತ ವಿವರವಾಗಿ ಬರೀತೀನಿ, ತಪ್ಪಿದ್ದರೆ ತಿದ್ದಿ.

ಗೀರು ಎಬ್ಬಿಸೋ ಮಷಿನ್ನು ನನ್ನ ಹತ್ತಿರ ಇಲ್ಲ. ಹಲಸಿನ ಹಲಗೆ ಎರಡು ಅಡಿ ಉದ್ದದ್ದು ಇತ್ತು, ರೂಟರ್‌ನಲ್ಲಿ ಅದರ ಉದ್ದಕ್ಕೂ 12 ಎಂಎಂ ಅಗಲ, 6 ಎಂಎಂ ಆಳದ ಕಾಲುವೆ ತೆಗೆದೆ, ಅಂಚುಗಳನ್ನ ಉಪ್ಪು ಕಾಗದದಲ್ಲಿ ಗುಂಡಗೆ ಮಾಡಿದೆ. ಶೀಟನ್ನ ಅದರ ಮೇಲಿಟ್ಟು ಸಿ ಕ್ಲ್ಯಾಂಪ್‌ನಲ್ಲಿ ಬಿಗಿದು, ಮೇಲಿಂದ ತುದಿ ಗುಂಡಗಿರೋ ಗಟ್ಟಿ ಮರದ ಕೋಲು ಹಿಡಿದು ಕೊಡತಿಯಲ್ಲಿ ಬಡಿಯೋದು. ಒಂದೇ ಜಾಗಕ್ಕೆ ಜೋರಾಗಿ ಬಡಿದರೆ ಶೀಟು ಸುತ್ತ ಸುಕ್ಕು ಬೀಳುತ್ತೆ. ಈ ತುದಿಯಿಂದ ಆ ತುದಿಗೆ ಮೆಲ್ಲಗೆ ಒಂದು ಸುತ್ತು, ಮತ್ತೆ ವಾಪಸ್ಸು ಒಂದು ಸುತ್ತು, ಹೀಗೆ ಏಳೆಂಟು ಸಲ. ಮೂರನೇ ಸುತ್ತಿನಲ್ಲಿ ಶಬ್ದ ಬದಲಾಗುತ್ತೆ, ಡಬ್ ಡಬ್ ಅಂತಿದ್ದದ್ದು ಟಣ್ ಅನ್ನೋಕೆ ಶುರು. ಅಲ್ಲಿಂದ ಶೀಟು ಬಿಗಿ ಹಿಡೀತಿದೆ ಅಂತ ಕೈಗೇ ತಿಳಿಯುತ್ತೆ.

ಮೂಲೆಗಳಲ್ಲಿ ಬಾನೆಟ್ಟು ಎರಡು ಕಡೆಗೂ ಬಾಗೋದರಿಂದ ಅಲ್ಲಿ ಶೀಟು ಗಡುಸಾಗಿ ಬಿರುಕು ಬಂತು. ಪಲ್ಪರ್ ಡ್ರಮ್ಮಿಗೆ ತಗಡು ಕೂರಿಸೋ ಹಿರಿಯ ಮಿಸ್ತ್ರಿ ಒಬ್ಬರು ನಮ್ಮಲ್ಲಿಗೆ ಪ್ರತಿ ವರ್ಷ ಕೊಯ್ಲಿಗೆ ಮುಂಚೆ ಬರ್ತಾರೆ. ಅವರು ತೋರಿಸಿಕೊಟ್ಟರು. ಬಟ್ಟೆ ಒಗೆಯೋ ಸೋಪನ್ನ ಒಣಗಿದ್ದು ಹಾಗೇ ಶೀಟಿನ ಮೇಲೆ ಉಜ್ಜಿ, ಗ್ಯಾಸ್ ಟಾರ್ಚನ್ನ ದೂರದಿಂದ ಆಡಿಸ್ತಾ ಇರಬೇಕು. ಸೋಪಿನ ಗೆರೆ ಮೊದಲು ಕಂದು, ಆಮೇಲೆ ಕಪ್ಪು. ಕಪ್ಪಾದ ಕ್ಷಣ ಬೆಂಕಿ ತೆಗೀಬೇಕು. ಅಲ್ಯೂಮಿನಿಯಂ ಕೆಂಪಗೆ ಕಾದು ಮುನ್ಸೂಚನೆ ಕೊಡೋ ಲೋಹ ಅಲ್ಲ, ನೋಡ್ತಾ ನೋಡ್ತಾ ಇದ್ದ ಹಾಗೆ ಕರಗಿ ಬೀಳುತ್ತೆ, 660 ಡಿಗ್ರಿಗೇ. ತಣ್ಣಗಾದ ಮೇಲೆ ಆ ಮೂಲೆ ಬೆಣ್ಣೆ ಹಾಗೆ ಮರಳಿನ ಚೀಲದ ಮೇಲೆ ಬಗ್ಗಿತು. ಡ್ರಮ್ಮಿನ ತಾಮ್ರದ ತಗಡಿಗೆ ಅವರು ನಲವತ್ತು ವರ್ಷದಿಂದ ಬೆಂಕಿ ಹಿಡಿದವರು. ಅಲ್ಯೂಮಿನಿಯಂಗೆ ಈ ಸೋಪಿನ ಉಪಾಯ ಎಲ್ಲಿಂದ ಕಲಿತರೋ, ಕೇಳಿದರೆ ನಕ್ಕು ಸುಮ್ಮನಾದರು.

ಇನ್ನೊಂದು ಕಲಿತದ್ದು: ಮಡಿಕೆ ಗೆರೆ ಹಾಕೋಕೆ ಮೊಳೆ, ಸ್ಕ್ರೈಬರ್ ಬಳಸಬಾರದು. ಆ ಗೀಚಿದ ಗೆರೆಯಿಂದಲೇ ಬಿರುಕು ಹುಟ್ಟುತ್ತೆ. ಮಾರ್ಕರ್ ಸಾಕು. ಮಡಚೋಕೆ ಇಟ್ಟ ಆಂಗಲ್‌ನ ಚೂಪು ಅಂಚನ್ನೂ ಅರದಲ್ಲಿ ಉಜ್ಜಿ ಗುಂಡಗೆ ಮಾಡ್ಕೊಂಡೆ.

ಹೊಸ ಬಾನೆಟ್ ಪಟ್ಟಿ, ರಿವಿಟ್, ಪಿನ್ ಪ್ಲೇಟ್ ಎಲ್ಲ ಸೇರಿ 5.4 ಕೆಜಿ. ಬೆರಳಲ್ಲಿ ಒತ್ತಿದರೆ ಹಳೇದಕ್ಕಿಂತ ಗಟ್ಟಿ ಅನಿಸುತ್ತೆ.

ಆರನೇಸೆಮ್, ಹಾಸನ

ಸರ್, ಬಾಗಿಲೊಳಗೆ ಅಡ್ಡಕ್ಕೆ ಒಂದು ಕಬ್ಬಿಣದ ಪೈಪು ಇರುತ್ತಲ್ಲ, ಅದನ್ನೂ ತೆಗೆದು ತಗಡಿನ ಚಾನಲ್ ಹಾಕಿದರೆ ಇನ್ನೂ ತೂಕ ಇಳಿಯುತ್ತೆ ಅಲ್ವಾ? ಜೊತೆಗೆ ನಮ್ಮ ಬಗ್ಗಿಯ ಫೈರ್‌ವಾಲ್‌ಗೆ (ಇಂಜಿನ್‌ಗೂ ಡ್ರೈವರ್‌ಗೂ ನಡುವಿನ ಗೋಡೆ) ಅಲ್ಯೂಮಿನಿಯಂ ಸಾಕಾ? ಕಾಲೇಜಲ್ಲಿ ಜಿಐ (ಸತು ಲೇಪನದ ಕಬ್ಬಿಣ) ಶೀಟು ಉಳಿದಿದೆ, ಅದನ್ನೇ ವೆಲ್ಡ್ ಮಾಡೋಣ ಅಂತಲೂ ಒಬ್ಬರು ಹೇಳ್ತಿದಾರೆ.

ತಗಡುಕೆಲಸ, ಹಾಸನ

ಬಾಗಿಲಿನ ಅಡ್ಡಪೈಪು ಮುಟ್ಟಬೇಡ. ಪಕ್ಕದಿಂದ ಮರಕ್ಕೋ ಕಲ್ಲಿಗೋ ಬಡಿದಾಗ ನಿನ್ನ ಪಕ್ಕೆಲುಬಿಗೂ ಆ ಮರಕ್ಕೂ ನಡುವೆ ಇರೋದು ಅದೊಂದೇ. ನಮ್ಮ ಕಡೆ ಸ್ಟೇಜ್‌ಗಳಲ್ಲಿ ರಸ್ತೆ ಪಕ್ಕವೇ ಸಿಲ್ವರ್ ಓಕ್ ಸಾಲು. ಮನೆಯಲ್ಲಿ ಮಡಚಿದ ಚಾನಲ್ಲು ಆ ಕೆಲಸ ಮಾಡಲ್ಲ. ಇದೇ ರೀತಿ ಬಂಪರ್ ಒಳಗಿನ ಬೀಮು, ಸೀಟ್ ಮೌಂಟು, ಸೀಟ್ ಬೆಲ್ಟ್ ಕಚ್ಚಿರೋ ಜಾಗ, ಸಸ್ಪೆನ್ಶನ್ ಕೂರೋ ಜಾಗ. ಅಲ್ಲೆಲ್ಲ ತೂಕ ಹುಡುಕೋಕೆ ಹೋಗಬಾರದು.

ಫೈರ್‌ವಾಲ್ ಕಬ್ಬಿಣದ್ದೇ ಇರಲಿ. ಅಲ್ಯೂಮಿನಿಯಂ ಎಷ್ಟಕ್ಕೆ ಕರಗುತ್ತೆ ಅಂತ ಗಿರಿರಸ್ತೆ ಮೇಲೆ ಬರೆದಿದಾರೆ, ಕಬ್ಬಿಣಕ್ಕೆ ಹತ್ತಿರ ಹತ್ತಿರ 1500 ಬೇಕು. ಪೆಟ್ರೋಲ್ ಬೆಂಕಿ ಮುಂದೆ ನಿನಗೆ ಇಳಿದು ಓಡೋಕೆ ಆ ಅಂತರ ಬೇಕು.

ಜಿಐ ಶೀಟು ವೆಲ್ಡ್ ಮಾಡೋದರ ಬಗ್ಗೆ ನನ್ನ ಕಥೆ ಹೇಳ್ತೀನಿ. ಹೊಸದಾಗಿ ಅಂಗಡಿ ಇಟ್ಟಾಗ ಒಂದು ಮಳೆ ದಿನ, ಎರಚಲು ಬರುತ್ತೆ ಅಂತ ಶಟರ್ ಎಳೆದು ಒಳಗೆ ಕೂತು ಒಂದು ಟ್ಯಾಂಕ್ ಮುಚ್ಚಳ ವೆಲ್ಡ್ ಮಾಡಿದೆ. ಬಾಯಲ್ಲಿ ಸಿಹಿ ಸಿಹಿ ರುಚಿ. ರಾತ್ರಿ ಚಳಿ ಹಿಡೀತು ನೋಡು, ಎರಡು ಕಂಬಳಿ ಹೊದ್ದರೂ ಹಲ್ಲು ಕಟಕಟ. ಮೈಕೈ ನೋವು, ಜ್ವರ. ಮಲೇರಿಯಾ ಅಂದುಕೊಂಡೆವು. ಡಾಕ್ಟರು ಏನು ಕೆಲಸ ಮಾಡಿದೆ ಅಂತ ಕೇಳಿದ ಮೇಲೆ ಗೊತ್ತಾಯ್ತು, ಸತುವಿನ ಹೊಗೆ. ಒಂದೆರಡು ದಿನಕ್ಕೆ ಇಳೀತು. ಹಾಲು ಕುಡಿದರೆ ಸರಿಹೋಗುತ್ತೆ ಅಂತ ವೆಲ್ಡಿಂಗ್‌ನವರು ಹೇಳ್ತಾರೆ, ಅದನ್ನ ನಂಬ್ಕೊಂಡು ಕೂರಬೇಡ. ಜಿಐ ವೆಲ್ಡ್ ಮಾಡಲೇಬೇಕಾದರೆ ಜೋಡಿಸೋ ಕಡೆ ಸತುವನ್ನ ಉಜ್ಜಿ ತೆಗೆದು, ಬಯಲಲ್ಲಿ, ಗಾಳಿಗೆ ಬೆನ್ನು ಕೊಟ್ಟು, ಸರಿಯಾದ ಮಾಸ್ಕ್ ಹಾಕ್ಕೊಂಡು ಮಾಡು. ಇಲ್ಲಾ ರಿವಿಟ್ ಹೊಡಿ. ಸತು ಲೇಪನ ಇಲ್ಲದ ಸಿಆರ್ ಶೀಟು ತಂದರೆ ಈ ತಾಪತ್ರಯವೇ ಇಲ್ಲ.

ಕೊಟ್ಟಿಗೆಹಾರ, ಮೂಡಿಗೆರೆ

ಚೇಂಬರ್ ಗಾರ್ಡ್ (ಇಂಜಿನ್ ತಳದ ಆಯಿಲ್ ಚೇಂಬರ್‌ಗೆ ಕಲ್ಲು ಬಡಿಯದ ಹಾಗೆ ಹಾಕೋ ತಟ್ಟೆ) ಬಗ್ಗೆ ಯಾರೂ ಮಾತಾಡಲಿಲ್ಲ. ನಮ್ಮ ಝೆನ್‌ಗೆ 3 ಎಂಎಂ ಕಬ್ಬಿಣದ್ದೇ ಹಾಕಿದೀನಿ. ಅಲ್ಯೂಮಿನಿಯಂ ಕಲ್ಲಿಗೆ ತಡೆಯಲ್ಲ ಅನ್ನೋದು ನನ್ನ ಅನುಭವ. 4 ಎಂಎಂದು ಹಾಕಿ ಒಂದೇ ಇವೆಂಟ್‌ನಲ್ಲಿ ಬಗ್ಗಿ ಚೇಂಬರ್‌ಗೆ ತಾಗಿತ್ತು.

ತಗಡುಕೆಲಸ, ಹಾಸನ

ಮೇಡಂ, 4 ಕಮ್ಮಿ ಆಯ್ತು. 6 ಎಂಎಂ ಹಾಕಿ ನೋಡಿ. 6 ಅಲ್ಯೂಮಿನಿಯಂ ಪ್ಲೇಟು ಚದರ ಮೀಟರಿಗೆ 16 ಕೆಜಿ, ನಿಮ್ಮ 3 ಎಂಎಂ ಕಬ್ಬಿಣ ಇಪ್ಪತ್ಮೂರೂವರೆ. ಬಿಗಿಯೂ ಅದಕ್ಕಿಂತ ಹೆಚ್ಚು. ಮುಂದಿನ ತುದಿ ಮಾತ್ರ ಮೇಲಕ್ಕೆ ಮಡಚಿರಬೇಕು, ಕಲ್ಲು ಸಿಕ್ಕಿ ಕಚ್ಚಿಕೊಳ್ಳದೆ ಜಾರೋ ಹಾಗೆ.

ಕೊಟ್ಟಿಗೆಹಾರ, ಮೂಡಿಗೆರೆ

ಲೆಕ್ಕ ಒಪ್ಪಿದೆ ಸರ್. ಆದರೆ ಕಬ್ಬಿಣದ್ದು ಬಗ್ಗಿದರೆ ಸರ್ವೀಸ್ ಪಾರ್ಕ್‌ನಲ್ಲಿ ಸುತ್ತಿಗೆಯಲ್ಲಿ ಬಡಿದು ಸರಿಮಾಡ್ತೀವಿ, ಸೀಳಿದರೆ ಊರಿನ ಯಾವ ವೆಲ್ಡಿಂಗ್ ಶಾಪ್‌ನಲ್ಲೂ ಹತ್ತು ನಿಮಿಷದ ಕೆಲಸ. ಅಲ್ಯೂಮಿನಿಯಂ ಸೀಳಿದರೆ ಟಿಗ್ ವೆಲ್ಡಿಂಗ್ ಮಾಡೋರನ್ನ ಹುಡುಕ್ಕೊಂಡು ಹೋಗಬೇಕು. ನನ್ನಂಥ ಒಂದೇ ಗಾರ್ಡ್ ಇರೋರಿಗೆ ಆ ನಾಲ್ಕು ಕೆಜಿ ಕೊಟ್ಟರೂ ಪರವಾಗಿಲ್ಲ. ಅದೂ ಗಾಡಿಯ ತಳದಲ್ಲೇ ಇರೋ ತೂಕ.

ಸಕಲೇಶಪುರ46

ಈ ಮಾತು ಸರಿ. ತೂಕ ಎಷ್ಟು ಅನ್ನೋದರ ಜೊತೆಗೆ ಎಷ್ಟು ಎತ್ತರದಲ್ಲಿದೆ ಅನ್ನೋದೂ ಲೆಕ್ಕ. 2016ರಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿ ಚಿಕ್ಕಮಗಳೂರಿಗೆ ಬಂದಾಗ ಗೌರವ್ ಗಿಲ್ ಅವರ ಸ್ಕೋಡಾ ಫೇಬಿಯಾ ಆರ್5 ನೋಡೋಕೆ ಹೋಗಿದ್ದೆ. ಆ ಕ್ಲಾಸ್‌ಗೆ ಕನಿಷ್ಠ ತೂಕ 1230 ಕೆಜಿ ಅಂತಲೇ ನಿಯಮ, ಅದಕ್ಕಿಂತ ಇಳಿಸೋ ಹಾಗಿಲ್ಲ. ಹಾಗಾಗಿ ಅಂಥ ಗಾಡಿ ಕಟ್ಟೋರಿಗೆ ಮೇಲಿನ ತೂಕ ತೆಗೆದು ಕೆಳಗೆ ಕೂರಿಸೋದೇ ಕೆಲಸ. ನಾವೂ ಚಾವಣಿ, ಬಾನೆಟ್ಟು, ಗಾಜಿನ ಮಟ್ಟದಲ್ಲಿ ಇಳಿದ ಒಂದು ಕೆಜಿಗೆ ಹೆಚ್ಚು ಬೆಲೆ ಕೊಡಬೇಕು.

ಗಿರಿರಸ್ತೆ

ಬಹಳ ದಿನ ಆಯ್ತು, ಕೊಯ್ಲು ಶುರುವಾಗಿ ಗಾಡಿ ಕಡೆ ತಿರುಗಿ ನೋಡೋಕೆ ಆಗಿರಲಿಲ್ಲ. ಈಗ ಲೆಕ್ಕ ಒಪ್ಪಿಸ್ತೀನಿ.

ಏಸಿ ಪೂರ್ತಿ ಇಳಿಸಿದೆ, ಗ್ಯಾಸನ್ನ ಏಸಿ ಮೆಕ್ಯಾನಿಕ್ ಹತ್ತಿರ ಮಷಿನ್‌ಗೆ ಎಳೆಸಿ ಆಮೇಲೆ ಬಿಚ್ಚಿದ್ದು, 22 ಕೆಜಿ. ಬ್ಯಾಟರಿ ಡಿಕ್ಕಿಗೆ ಹೋಯ್ತು, ಅದಕ್ಕೆ ತಗಡಿನ ಪೆಟ್ಟಿಗೆ ಮಾಡಿ ಒಳಗೆ ರಬ್ಬರ್ ಹಾಸಿ, ಫ್ಲೋರ್‌ಗೆ ಬೋಲ್ಟ್ ಮಾಡಿದೀನಿ. ಕೇಬಲ್ ತಗಡು ದಾಟೋ ಪ್ರತಿ ಜಾಗದಲ್ಲೂ ರಬ್ಬರ್ ಗ್ರಾಮೆಟ್. ಇದನ್ನ ಹಾಕದೆ ಬಿಟ್ಟರೆ ಕತ್ತರಿಸಿದ ತಗಡಿನ ಅಂಚು ಅದುರಿ ಅದುರಿ ಕೇಬಲ್ ಸುಲಿದು ಬೆಂಕಿ ಹತ್ತುತ್ತೆ. ಡೋರ್ ಪ್ಯಾಡುಗಳನ್ನ ಬಿಚ್ಚಿ ಅಂಚು ಮಡಚಿ, ಎರಡೆರಡು ಗೀರು ಎಬ್ಬಿಸಿ ಮತ್ತೆ ಕೂರಿಸಿದೆ, ಈ ಸಲ ಪ್ರೈಮರ್, ಸೀಲಂಟ್ ಸಮೇತ. ಡೋಲು ನಿಂತಿದೆ.

ವೇ ಬ್ರಿಜ್: 790. ಮುಂದೆ 490, ಹಿಂದೆ 300. ಕೇಜ್ ಕೂರಿಸಿ ಬಂದ ಮೇಲೆ 830. ಮುಂದೆ 510, ಹಿಂದೆ 320. ನೂರಕ್ಕೆ 61, ಕಂಪನಿಯಿಂದ ಬಂದಾಗ ಇದ್ದ ಪಾಲೇ. ಹಿಂದಿನ ಬ್ರೇಕ್ ಮೊದಲು ಲಾಕ್ ಆಗೋದು ನಿಂತಿದೆ. ಅದೇ ಇಳಿಜಾರಲ್ಲಿ, ಅದೇ ಗುರುತಿನ ಕಲ್ಲಿನ ಹತ್ತಿರ ಐದು ಸಲ ಒತ್ತಿ ನೋಡಿದೆ. ಡ್ರಮ್ಮಿಗೆ ಕೈ ಹಾಕೇ ಇಲ್ಲ.

ಒಟ್ಟು ಸಿಕ್ಕಿದ್ದು ಬರೀ 50 ಕೆಜಿ ಅನಿಸಬಹುದು. ನನಗೆ ಹಾಗನಿಸ್ತಿಲ್ಲ. ಮೈ ಮೇಲೆ ಕೇಜ್ ಇದೆ, ಗಾಡಿ ಮೊದಲಿಗಿಂತ ಹಗುರ ಇದೆ, ತಿರುವಿನಲ್ಲಿ ಮೂತಿ ಹೇಳಿದ ಮಾತು ಕೇಳುತ್ತೆ.

ಇನ್ನು ಒಂದೇ ಕೆಲಸ. ಹಿಂದಿನ ಅಡ್ಡಗೋಡೆಯನ್ನ 22 ಗೇಜ್ ಕಬ್ಬಿಣದಲ್ಲಿ ಮಾಡಿದ್ದು 3.3 ಕೆಜಿ ಇದೆ, ಅದು ಹಾಗೇ ಇರಲಿ. ಆದರೆ ಕೇಜ್ ಪೈಪು ಹಾದು ಹೋಗೋ ಎರಡು ತೂತಿನ ಸುತ್ತ ಸಂದು ಉಳಿದಿದೆ, ಪೆಟ್ರೋಲ್ ವಾಸನೆ ಒಳಗೆ ಬರ್ತಿದೆ. ತಗಡಿನ ಕಾಲರ್ ಎರಡು ತುಂಡಾಗಿ ಮಾಡಿ ಪೈಪಿಗೆ ಅಪ್ಪಿಸಬೇಕು ಅಂತಿದೀನಿ. ಪೈಪು ಓರೆಯಾಗಿ ಬರೋದರಿಂದ ಅಚ್ಚು ಸರಿಯಾಗಿ ಬರ್ತಿಲ್ಲ, ಮೂರು ರಟ್ಟು ಹಾಳಾಯ್ತು.

ತಗಡುಕೆಲಸ, ಹಾಸನ

ವಾಸನೆ ಬರ್ತಿದೆ ಅಂದರೆ ಸಂದು ಮುಚ್ಚೋದು ಆಮೇಲೆ. ಮೊದಲು ಪೆಟ್ರೋಲ್ ಪೈಪು, ಟ್ಯಾಂಕಿನ ಮೇಲಿನ ಹೋಸು, ಫ್ಲೋಟ್ ಕೂರೋ ಜಾಗದ ವಾಷರು ಎಲ್ಲ ನೋಡಿ. ಕೇಜ್ ವೆಲ್ಡ್ ಮಾಡುವಾಗ ಕಿಡಿ ತಾಗಿ ಹೋಸು ಸುಟ್ಟಿರಬಹುದು. ಅದು ಆಗೋವರೆಗೆ ಗಾಡಿ ಸ್ಟಾರ್ಟ್ ಮಾಡಬೇಡಿ, ಬ್ಯಾಟರಿ ಕನೆಕ್ಷನ್ ತೆಗೆದಿಡಿ. ಅದೂ ಈಗ ಡಿಕ್ಕಿಯಲ್ಲಿದೆ.

ಓರೆ ಪೈಪಿನ ತೂತು ದುಂಡಗಿರಲ್ಲ, ಮೊಟ್ಟೆ ಆಕಾರ. ಪೈಪಿಗೆ ಕಾಗದ ಸುತ್ತಿ, ಗೋಡೆಗೆ ತಾಗೋ ಕಡೆ ಸುತ್ತಲೂ ಪೆನ್ಸಿಲ್ ಆಡಿಸಿ, ಕಾಗದ ಬಿಚ್ಚಿ ಹರಡಿದರೆ ಅಲೆ ಗೆರೆ ಸಿಗುತ್ತೆ. ಆ ಗೆರೆಯೇ ಅಚ್ಚು. ಭಾನುವಾರ ನಾನು ಅಂಗಡಿಯಲ್ಲೇ ಇರ್ತೀನಿ. ಕಾಗದ ಮಾತ್ರ ತನ್ನಿ ಸಾಕು, ಗಾಡಿ ತರೋದು ಬೇಡ.

ಗಿರಿರಸ್ತೆ

ನೋಡಿದೆ ಅಣ್ಣಾ. ಟ್ಯಾಂಕಿಂದ ವಾಪಸ್ ಹೋಗೋ ಸಣ್ಣ ಹೋಸು, ವೆಲ್ಡಿಂಗ್ ಕಿಡಿ ಬಿದ್ದು ಎರಡು ಕಡೆ ಕರಗಿದೆ. ಗುಂಡುಸೂಜಿ ತಲೆಯಷ್ಟು ತೂತು. ಬ್ಯಾಟರಿ ಕನೆಕ್ಷನ್ ತೆಗೆದಿದೀನಿ, ಹೊಸ ಹೋಸು ನಾಳೆ ತರ್ತೀನಿ. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಬೇಲೂರು ಕಡೆಯಿಂದ ಬರ್ತೀನಿ, ಕಾಗದದ ಅಚ್ಚು ಎರಡೂ ರೆಡಿ.